ವಿಮಾನ ನಿಲ್ದಾಣದ ವಿಚಾರಣೆಗೆ ನಾನು ಬರೆದು ಕಳಿಸಿದರೆ ಯಾರಾದರೂ ಓದುತ್ತಾರಾ?

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನಲ್ಲಿ, ವಿಮಾನ ಇಳಿಯುವ ದಾರಿಯ ಕೆಳಗೇ. ನಿಲ್ದಾಣದ ವಿಸ್ತರಣೆಗೆ ಕೌನ್ಸಿಲ್ ಒಪ್ಪಲಿಲ್ಲ, ನಿಲ್ದಾಣದವರು ಮೇಲ್ಮನವಿ ಹಾಕಿದ್ದಾರೆ. ಈಗ ಸಾರ್ವಜನಿಕ ವಿಚಾರಣೆಯಂತೆ. ನಾನು ವಕೀಲನೂ ಅಲ್ಲ, ಇಂಜಿನಿಯರೂ ಅಲ್ಲ. ನನ್ನ ಹೇಳಿಕೆಗೆ ಬೆಲೆ ಇದೆಯಾ? ಏನಂತ ಬರೆಯಲಿ?

ಓದುತ್ತಾರೆ. ವಿಚಾರಣೆ ನಡೆಸುವ ಇನ್‌ಸ್ಪೆಕ್ಟರ್ (ಪೊಲೀಸ್ ಅಲ್ಲ, ಇಂಥ ಮೇಲ್ಮನವಿ ಕೇಳಲು ನೇಮಿಸಿದ ಅಧಿಕಾರಿ) ಮುಂದೆ ನಿಮ್ಮ ಪತ್ರ ಹೋಗಿಯೇ ಹೋಗುತ್ತದೆ. ಆದರೆ ಅವರು ತಲೆ ಎಣಿಸುವುದಿಲ್ಲ, ಕಾರಣ ನೋಡುತ್ತಾರೆ. ಬ್ರಿಸ್ಟಲ್ ವಿಮಾನ ನಿಲ್ದಾಣದ ವಿಷಯದಲ್ಲಿ ಏನಾಯಿತು ನೋಡಿ. ವರ್ಷಕ್ಕೆ 1 ಕೋಟಿ ಪ್ರಯಾಣಿಕರ ಮಿತಿಯನ್ನು 1.2 ಕೋಟಿಗೆ ಏರಿಸುವ ಯೋಜನೆಗೆ ಸಾವಿರಾರು ಆಕ್ಷೇಪಣೆ ಬಂದವು. 2020ರಲ್ಲಿ ಅಲ್ಲಿನ ನಾರ್ತ್ ಸಾಮರ್ಸೆಟ್ ಕೌನ್ಸಿಲ್ ಅದನ್ನು ತಿರಸ್ಕರಿಸಿತು. 2021ರಲ್ಲಿ ವಿಚಾರಣೆ ನಡೆಯಿತು. 2022ರ ಫೆಬ್ರವರಿಯಲ್ಲಿ ಮೂವರು ಇನ್‌ಸ್ಪೆಕ್ಟರ್‌ಗಳು ಅನುಮತಿ ಕೊಟ್ಟೇಬಿಟ್ಟರು. ಹಾಗಾಗಿ ಯಾರೋ ಬರೆದ ಒಂದೇ ಪತ್ರಕ್ಕೆ ನೂರು ಮನೆಯವರು ಸಹಿ ಹಾಕಿ ಕಳಿಸಿದರೆ ನನ್ನ ಪ್ರಕಾರ ಸುಮ್ನೆ ಅಂಚೆ ಖರ್ಚು.

ಕಾನೂನು, ನೀತಿ, ಇಂಗಾಲದ ಲೆಕ್ಕ ಇವನ್ನೆಲ್ಲ ವಾದಿಸಲು ಕೌನ್ಸಿಲ್ ಇದೆ, ಸಂಘಟನೆಗಳಿವೆ. ಅವರ್ಯಾರಿಗೂ ಗೊತ್ತಿರದ ಒಂದು ವಿಷಯ ನಿಮಗೆ ಗೊತ್ತು: ನಿಮ್ಮ ಮನೆಯಲ್ಲಿ ಏನಾಗುತ್ತಿದೆ ಅನ್ನುವುದು.

ಸದ್ದನ್ನೇ ತಗೊಳ್ಳಿ. ನಿಲ್ದಾಣದವರ ವರದಿ ಹೆಚ್ಚಾಗಿ ಸರಾಸರಿಯ ಮೇಲೆ ನಿಂತಿರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ 7ರಿಂದ ರಾತ್ರಿ 11ರವರೆಗಿನ 16 ಗಂಟೆಯ ಸದ್ದಿಗೆ ಒಂದು ಡೆಸಿಬೆಲ್ ಅಂಕಿ, ರಾತ್ರಿಯ 8 ಗಂಟೆಗೆ ಇನ್ನೊಂದು. ಆದರೆ ಸರಾಸರಿ ಕೇಳಿ ಯಾರಿಗಾದರೂ ಎಚ್ಚರ ಆಗುತ್ತದಾ? ಎಚ್ಚರ ಆಗುವುದು ತಲೆ ಮೇಲೆ ಹಾದುಹೋಗುವ ಆ ಒಂದು ವಿಮಾನಕ್ಕೆ.

‘ವಿಪರೀತ ಗಲಾಟೆ, ಬದುಕೋಕೇ ಆಗ್ತಿಲ್ಲ’ ಅಂತ ಬರೆದರೆ ಇನ್‌ಸ್ಪೆಕ್ಟರ್‌ಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಹೀಗೆ ಬರೆದು ನೋಡಿ: ‘ನನ್ನ ಮನೆ ರನ್‌ವೇಯ ಪೂರ್ವ ತುದಿಯಿಂದ 3 ಕಿಲೋಮೀಟರ್ ದೂರ. ಜುಲೈನಲ್ಲಿ 14 ರಾತ್ರಿ ಗಂಟೆ ನೋಡಿ ಬರೆದಿಟ್ಟೆ. ಅದರಲ್ಲಿ 9 ರಾತ್ರಿ, ಹನ್ನೊಂದೂವರೆ ಆದಮೇಲೆ ಬಂದ ವಿಮಾನಕ್ಕೆ ಮಗು ಎದ್ದು ಕೂತಿತು. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಪಕ್ಕದಲ್ಲಿದ್ದವರ ಮಾತೂ ಕೇಳಿಸದು.’ ಇದು ಮಾದರಿ ಅಷ್ಟೇ, ಅಂಕಿ ನಿಮ್ಮವೇ ಆಗಿರಲಿ. ರಸ್ತೆಯಲ್ಲಿ ನಿಲ್ದಾಣದ ಪ್ರಯಾಣಿಕರು ಕಾರು ನಿಲ್ಲಿಸಿ ಹೋಗುತ್ತಿದ್ದರೆ ಅದಕ್ಕೂ ಇದೇ ದಾರಿ: ಯಾವ ದಿನ, ಎಷ್ಟು ಕಾರು. ಮನೆಯ ಬೆಲೆ ಬೀಳುತ್ತದೆ ಅನ್ನುವುದನ್ನು ಮಾತ್ರ ಬಿಡಿ. ಪ್ಲ್ಯಾನಿಂಗ್ ತೀರ್ಮಾನದಲ್ಲಿ ಅದು ಲೆಕ್ಕಕ್ಕಿಲ್ಲ.

‘ಅನುಮತಿ ಬೇಡ’ ಅಂತ ಬರೆದಾದ ಮೇಲೆ, ಕೊಡುವುದೇ ಆದರೆ ಯಾವ ಷರತ್ತು ಬೇಕು ಅಂತಲೂ ಬರೆಯಿರಿ. ಇದನ್ನು ಸೋಲೊಪ್ಪಿದ ಹಾಗೆ ಅಂದುಕೊಂಡು ಬಿಟ್ಟುಬಿಡುವವರೇ ಜಾಸ್ತಿ. ಲಂಡನ್ ಸಿಟಿ ವಿಮಾನ ನಿಲ್ದಾಣಕ್ಕೆ 2024ರ ಆಗಸ್ಟ್‌ನಲ್ಲಿ ಸಿಕ್ಕ ತೀರ್ಪಿನಲ್ಲಿ ಪ್ರಯಾಣಿಕರ ಮಿತಿ 65 ಲಕ್ಷದಿಂದ 90 ಲಕ್ಷಕ್ಕೆ ಏರಿತು. ಆದರೆ ಶನಿವಾರ ಮಧ್ಯಾಹ್ನದ ವಿಮಾನಗಳಿಗೆ ಒಪ್ಪಿಗೆ ಸಿಗಲಿಲ್ಲ. ಶನಿವಾರ ಮಧ್ಯಾಹ್ನ ಹನ್ನೆರಡೂವರೆಯಿಂದ ಭಾನುವಾರ ಅದೇ ಹೊತ್ತಿನವರೆಗಿನ ನೆಮ್ಮದಿ ಉಳಿಯಿತು. ಹೀಥ್ರೋ 5ನೇ ಟರ್ಮಿನಲ್‌ನ ವಿಚಾರಣೆ 1995ರಿಂದ 1999ರವರೆಗೆ ಎಳೆಯಿತು, 500ಕ್ಕೂ ಜಾಸ್ತಿ ದಿನ ಕಲಾಪ! ಕೊನೆಗೆ ಅನುಮತಿ ಸಿಕ್ಕರೂ, ವರ್ಷಕ್ಕೆ 4,80,000 ಹಾರಾಟ ಅನ್ನುವ ಮಿತಿ ಜೊತೆಗೇ ಬಂತು.

ಇನ್ನು ಕಳಿಸುವ ವಿಷಯ. ಮೇಲ್ಮನವಿ ಶುರುವಾದ ದಿನದಿಂದ ಸಾಮಾನ್ಯವಾಗಿ 5 ವಾರ ಸಮಯ. ಕೊನೆಯ ದಿನಾಂಕ ನೋಟಿಸಿನಲ್ಲೇ ಇರುತ್ತದೆ. ಮೇಲ್ಮನವಿಯ ಸಂಖ್ಯೆ ಹಾಕಿ ಪ್ಲ್ಯಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ, ಅಂದರೆ ಈ ಇನ್‌ಸ್ಪೆಕ್ಟರ್‌ಗಳ ಸರ್ಕಾರಿ ಕಚೇರಿಗೆ, ಕಳಿಸಿ. ಮೊದಲು ಕೌನ್ಸಿಲ್‌ಗೆ ಬರೆದದ್ದು ತಾನಾಗಿಯೇ ಅಲ್ಲಿಗೆ ಹೋಗುತ್ತದೆ, ಅದನ್ನೇ ಮತ್ತೆ ಬರೆಯಬೇಡಿ. ಹೆಸರಿಲ್ಲದ ಪತ್ರ ನಡೆಯುವುದಿಲ್ಲ. ನೀವು ಕಳಿಸಿದ್ದನ್ನು ಎಲ್ಲರೂ ನೋಡಬಹುದು, ಆದ್ದರಿಂದ ಪಕ್ಕದ ಮನೆಯವರ ಕಾಯಿಲೆ ಕಥೆಯೆಲ್ಲ ಬೇಡ.

ಮಾತಾಡಬೇಕು ಅನಿಸಿದರೆ ಮೊದಲ ದಿನವೇ ಹೋಗಿ ಇನ್‌ಸ್ಪೆಕ್ಟರ್‌ಗೆ ತಿಳಿಸಿ. ಸಾಮಾನ್ಯವಾಗಿ ಅವಕಾಶ ಕೊಡುತ್ತಾರೆ. ‘ರೂಲ್ 6’ ಪಕ್ಷ ಆಗಿ, ಅಂದರೆ ಕೌನ್ಸಿಲ್ ಮತ್ತು ನಿಲ್ದಾಣದವರ ಹಾಗೆ ನೀವೂ ವಿಚಾರಣೆಯಲ್ಲಿ ಪೂರ್ತಿ ವಾದಿಯಾಗಿ ಸೇರಿಕೊಳ್ಳಿ ಅಂತ ಯಾರಾದರೂ ಹೇಳಬಹುದು. ಅದು ಸಂಘಗಳಿಗೆ ಸರಿ. ಸಾಕ್ಷ್ಯವನ್ನು ವಿಚಾರಣೆಗೆ 4 ವಾರ ಮುಂಚೆ ಕೊಡಬೇಕು, 1,500 ಪದ ಮೀರಿದರೆ ಸಾರಾಂಶ ಬೇರೆ, ಆಮೇಲೆ ವಕೀಲರ ಪಾಟೀಸವಾಲು. ಒಬ್ಬರೇ ಹೊರುವ ಭಾರ ಅಲ್ಲ ಅದು.

ಒಂದು ಮಾತ್ರ ನೋಡಿಕೊಳ್ಳಿ. ವಿಸ್ತರಣೆಯಿಂದ ವರ್ಷಕ್ಕೆ 1 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಪ್ರಯಾಣಿಕರು ಸೇರುವಂತಿದ್ದರೆ ಅದು ಈ ವಿಚಾರಣೆಯೇ ಅಲ್ಲ. ದೇಶದ ಮಟ್ಟದ ದೊಡ್ಡ ಯೋಜನೆಗಳಿಗಿರುವ, 2008ರ ಪ್ಲ್ಯಾನಿಂಗ್ ಕಾಯ್ದೆಯ ಬೇರೆ ದಾರಿ. ಲಂಡನ್ ಬಳಿಯ ಗ್ಯಾಟ್ವಿಕ್ ನಿಲ್ದಾಣದ ಎರಡನೇ ರನ್‌ವೇ ಯೋಜನೆ ಹೋದದ್ದು ಅದರಲ್ಲೇ. ಅಲ್ಲಿ ಮೊದಲು ಹೆಸರು ನೋಂದಾಯಿಸಬೇಕು, ನಿಮ್ಮ ತಕರಾರಿನ ಮುಖ್ಯ ಅಂಶಗಳನ್ನೂ ಆ ಫಾರಂನಲ್ಲೇ ಬರೆಯಬೇಕು.