ಶಿಕ್ಷೆ ಬರುವ ಹೊತ್ತಿಗೆ ತಂಡವೇ ಬೇರೆ

ಆ ಹುಡುಗ ಒಳಗೆ ಬಂದಾಗ ನನ್ನ ಪುಟ್ಟ ಕೋಣೆಯ ಬೆಳಕೇ ಕಡಿಮೆಯಾದಂತಾಯಿತು, ಅಷ್ಟು ದೊಡ್ಡ ಆಳು. ಕಾಲೇಜಿನಲ್ಲಿ ನಾಲ್ಕನೆಯ ವರ್ಷ. ಅಂದು ಬೆಳಿಗ್ಗೆಯಷ್ಟೇ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಮೇಲೆ ಶಿಕ್ಷೆ ಪ್ರಕಟವಾಗಿತ್ತು. ಋತುವಿನ ಕೊನೆಯಲ್ಲಿ, ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ಬೌಲ್ ಪಂದ್ಯ ಆ ವರ್ಷ ನಮಗಿಲ್ಲ. "ಮೇಡಂ, ಅವರು ಹೇಳುತ್ತಿರುವುದೆಲ್ಲ ನಡೆದಾಗ ನಾನು ಹನ್ನೊಂದನೆಯ ತರಗತಿಯಲ್ಲಿದ್ದೆ" ಎಂದ. ಅವನ ದನಿಯಲ್ಲಿ ದೂರಿರಲಿಲ್ಲ. ಎಲ್ಲೋ ಇಸವಿ ತಪ್ಪಾಗಿರಬೇಕು, ನಾನು ಒಂದು ಫೋನ್ ಮಾಡಿ ಸರಿಪಡಿಸುತ್ತೇನೆ ಎಂದು ನಂಬಿಕೊಂಡು ಬಂದಿದ್ದ.

ನಾನು ಕಾನೂನು ಓದಿದ್ದು ಬೆಂಗಳೂರಿನಲ್ಲಿ. ಹದಿನೆಂಟು ವರ್ಷಗಳಿಂದ ಅಮೆರಿಕದ ವಿಶ್ವವಿದ್ಯಾಲಯವೊಂದರ ಕ್ರೀಡಾ ವಿಭಾಗದಲ್ಲಿ ನಿಯಮ ಪಾಲನೆಯ ಕೆಲಸ ಮಾಡುತ್ತಿದ್ದೇನೆ. ಯಾವ ತರಬೇತುದಾರ ಯಾವ ಹೈಸ್ಕೂಲು ಹುಡುಗನಿಗೆ ಎಷ್ಟು ಬಾರಿ ಕರೆ ಮಾಡಿದ, ಹುಡುಗರು ಓಡಿಸುವ ಕಾರು ಯಾರ ಹೆಸರಿನಲ್ಲಿದೆ, ಊಟದ ಬಿಲ್ ಯಾರು ಕೊಟ್ಟರು ಎಂದು ನೋಡುವುದರಲ್ಲೇ ನನ್ನ ದಿನ ಕಳೆಯುತ್ತದೆ. ಅದಕ್ಕಿಂತ ಮುಖ್ಯವಾದ ಕೆಲಸ ಪ್ರತಿಯೊಬ್ಬ ಆಟಗಾರನ ಗಡಿಯಾರವನ್ನು ನೋಡಿಕೊಳ್ಳುವುದು. ಗಡಿಯಾರ ಎಂಬುದು ನಮ್ಮ ಕಚೇರಿಯ ಮಾತು. ಕಾಲೇಜಿಗೆ ಸೇರಿದ ದಿನದಿಂದ ಐದು ವರ್ಷ, ಅದರೊಳಗೆ ನಾಲ್ಕು ಋತುಗಳ ಆಟ. ಅಷ್ಟು ಮುಗಿದರೆ ಮುಗಿಯಿತು. ಅವರಲ್ಲಿ ವೃತ್ತಿಪರ ಲೀಗಿಗೆ ಹೋಗುವವರು ತೀರಾ ಕೆಲವರು. ಉಳಿದವರಿಗೆ ಅದೇ ಕೊನೆಯ ಆಟ.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ. ಹಗರಣ ಹೊರಬಿದ್ದ ಮೇಲೆ ಅದರ ತನಿಖೆ, ಆರೋಪಪಟ್ಟಿ, ಉತ್ತರ, ವಿಚಾರಣೆ, ತೀರ್ಪು ಎಲ್ಲ ಮುಗಿಯುವುದಕ್ಕೆ ವರ್ಷಗಳೇ ಬೇಕು. ಹುಡುಗರ ಗಡಿಯಾರ ಅಷ್ಟು ಹೊತ್ತು ಕಾಯುವುದಿಲ್ಲ. ತಪ್ಪು ಮಾಡಿದವರು, ಅದರಿಂದ ಲಾಭ ಉಂಡವರು ಹೊರಟುಹೋಗಿರುತ್ತಾರೆ. ಅವರು ಬಿಟ್ಟುಹೋದ ಅಂಗಿ ತೊಟ್ಟವರ ಮೇಲೆ ಶಿಕ್ಷೆ ಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನನಗೆ ಈ ಕೆಲಸದಲ್ಲಿ ನೆನಪಾದಷ್ಟು ಊರಿನಲ್ಲಿ ಎಂದೂ ನೆನಪಾಗಿರಲಿಲ್ಲ.

ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಕರಣ ನೋಡಿ. ಅಲ್ಲಿನ ತಾರೆ ರೆಜ್ಜಿ ಬುಷ್ ಆಟವಾಡುತ್ತಿದ್ದಾಗ ಅವನ ಕುಟುಂಬ ಸ್ಯಾನ್ ಡಿಯಾಗೊ ಬಳಿ ಬಾಡಿಗೆಯಿಲ್ಲದ ಮನೆಯಲ್ಲಿತ್ತು, ಅವನನ್ನು ಮುಂದೆ ತಮ್ಮ ಗ್ರಾಹಕನನ್ನಾಗಿ ಮಾಡಿಕೊಳ್ಳಲು ಬಯಸಿದವರಿಂದ ಹಣವೂ ಹೋಗಿತ್ತು. ಕಾಲೇಜು ಆಟಗಾರರಿಗೆ ಅಂದು ಇದಕ್ಕೆ ಅವಕಾಶವಿರಲಿಲ್ಲ. ಇದು 2004-05ರ ಮಾತು. ಪತ್ರಿಕೆಗಳಲ್ಲಿ ಸುದ್ದಿ ಬಂದದ್ದು 2006ರಲ್ಲಿ, ಎನ್‌ಸಿಎಎ ತೀರ್ಪು ಬಂದದ್ದು 2010ರ ಜೂನ್‌ನಲ್ಲಿ. ಎರಡು ವರ್ಷ ಬೌಲ್ ಪಂದ್ಯವಿಲ್ಲ, ಮೂರು ವರ್ಷಗಳಲ್ಲಿ 30 ಸ್ಕಾಲರ್‌ಶಿಪ್‌ಗಳ ಕಡಿತ. ಅಷ್ಟರಲ್ಲಿ ಬುಷ್ ವೃತ್ತಿಪರ ಲೀಗಿನಲ್ಲಿ ನಾಲ್ಕು ವರ್ಷ ಆಡಿಯಾಗಿತ್ತು. ತರಬೇತುದಾರ ಪೀಟ್ ಕ್ಯಾರಲ್ ಅದೇ ವರ್ಷದ ಜನವರಿಯಲ್ಲಿ ಸಿಯಾಟಲ್‌ನ ವೃತ್ತಿಪರ ತಂಡಕ್ಕೆ ಹೋಗಿದ್ದರು. 2014ರಲ್ಲಿ ಆ ತಂಡ ವೃತ್ತಿಪರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಕ್ಯಾಂಪಸ್ಸಿನಲ್ಲಿ ಉಳಿದವರು ಮಾತ್ರ ಕಂದಾಯ ಕಟ್ಟಿದರು.

ಸ್ಕಾಲರ್‌ಶಿಪ್ ಕಡಿತದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬೌಲ್ ನಿಷೇಧ ಎಲ್ಲರ ಕಣ್ಣಿಗೂ ಬೀಳುತ್ತದೆ, ಇದು ಬೀಳುವುದಿಲ್ಲ. ಅಂದಿನ ನಿಯಮದಂತೆ ಒಂದು ಫುಟ್‌ಬಾಲ್ ತಂಡಕ್ಕೆ 85 ಸ್ಕಾಲರ್‌ಶಿಪ್. ಸದರ್ನ್ ಕ್ಯಾಲಿಫೋರ್ನಿಯಾಕ್ಕೆ ಅದು 75ಕ್ಕೆ ಇಳಿಯಿತು. ಹಾಗಾದರೆ ಎಪ್ಪತ್ತಾರನೆಯ ಹುಡುಗ ಎಲ್ಲಿ ಹೋದ? ಅವನು ಬೇರೆ ಕಡೆ ಸೇರಿರಬಹುದು, ಸಣ್ಣ ಕಾಲೇಜಿಗೆ ಅರ್ಧ ನೆರವಿನಲ್ಲಿ ಹೋಗಿರಬಹುದು, ಕಾಲೇಜಿನ ಮೆಟ್ಟಿಲನ್ನೇ ಹತ್ತದಿರಬಹುದು. ಅವನ ಹೆಸರು ಯಾವ ಕಡತದಲ್ಲೂ ಇಲ್ಲ. ತನಗೆ ಬರಬೇಕಾಗಿದ್ದ ಕರೆ ಬರಲಿಲ್ಲ ಎಂಬುದು ಅವನಿಗೂ ಗೊತ್ತಿಲ್ಲ. ನಾನು ನೋಡಿದ ಹುಡುಗರಲ್ಲಿ ಅನೇಕರು ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಅಂಥವನೊಬ್ಬನ ಪದವಿಯನ್ನು ಯಾರೋ ಮಾಡಿದ ತಪ್ಪಿಗೆ ದಂಡವಾಗಿ ವಸೂಲು ಮಾಡುವುದು ನನಗೆ ಸರಿಕಾಣುವುದಿಲ್ಲ. ಉಳಿದ 75 ಮಂದಿಗೂ ಕಷ್ಟ ತಪ್ಪಿದ್ದಲ್ಲ. ಬದಲಿ ಆಟಗಾರರು ಕಡಿಮೆಯಾದಂತೆ ನೋವಿದ್ದರೂ ಕಣಕ್ಕಿಳಿಯುವುದು ಹೆಚ್ಚುತ್ತದೆ. 2012ರ ಋತುವಿನ ಆರಂಭದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಆ ತಂಡ ಕೊನೆಗೆ 7 ಗೆದ್ದು 6 ಸೋತಿತು.

ಗೆಲುವುಗಳನ್ನು ದಾಖಲೆಯಿಂದ ಅಳಿಸುವ ಶಿಕ್ಷೆಯೂ ಒಂದಿದೆ. ಅದರಿಂದ ಯಾರಿಗೂ ದೊಡ್ಡ ಹಾನಿಯಿಲ್ಲ, ಯಾರಿಗೂ ಉಪಕಾರವೂ ಇಲ್ಲ.

ಇಡೀ ತಂಡವನ್ನು ಶಿಕ್ಷಿಸದಿದ್ದರೆ ವಿಶ್ವವಿದ್ಯಾಲಯಗಳಿಗೆ ಬುದ್ಧಿ ಬರುವುದಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಅದಕ್ಕೆ ಅವರು ಕೊಡುವ ಉದಾಹರಣೆ ಡಲ್ಲಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ. ಎನ್‌ಸಿಎಎ 1985ರಲ್ಲೇ ಅದನ್ನು ಶಿಕ್ಷಿಸಿತ್ತು. ಅದಾದ ಮೇಲೂ 13 ಆಟಗಾರರಿಗೆ ತಿಂಗಳಿಗೆ 50ರಿಂದ 725 ಡಾಲರ್ ತನಕ, ಒಟ್ಟು ಸುಮಾರು 61,000 ಡಾಲರ್ ಸಂದಾಯವಾಯಿತು. ಹಣ ಕೊಟ್ಟವನು ಒಬ್ಬ ಶ್ರೀಮಂತ ಬೆಂಬಲಿಗ, ಒಪ್ಪಿಗೆ ಕೊಟ್ಟವರು ಒಳಗಿನವರು. ಮಾತು ಕೊಟ್ಟ ಹುಡುಗರ ಅವಧಿ ಮುಗಿಯುವ ತನಕ ಹಣ ನಿಲ್ಲಿಸುವುದು ಬೇಡ ಎಂಬ ತೀರ್ಮಾನದಲ್ಲಿ ತಾನೂ ಇದ್ದೆ ಎಂದು ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಬಿಲ್ ಕ್ಲೆಮೆಂಟ್ಸ್ 1987ರ ಮಾರ್ಚ್‌ನಲ್ಲಿ ಒಪ್ಪಿಕೊಂಡರು. ಆಗ ಅವರು ಟೆಕ್ಸಾಸ್‌ನ ರಾಜ್ಯಪಾಲರು, ಅಂದರೆ ಆ ರಾಜ್ಯದ ಚುನಾಯಿತ ಮುಖ್ಯಸ್ಥರು.

ಅದಕ್ಕೆ ಕೆಲವೇ ದಿನಗಳ ಹಿಂದೆ, 1987ರ ಫೆಬ್ರುವರಿ 25ರಂದು, ಎನ್‌ಸಿಎಎ ಆ ವರ್ಷದ ಋತುವನ್ನೇ ರದ್ದು ಮಾಡಿತ್ತು. 1988ರಲ್ಲಿ ತವರಿನಲ್ಲಿ ಒಂದು ಪಂದ್ಯವೂ ಇಲ್ಲ ಎಂದಾಗ ವಿಶ್ವವಿದ್ಯಾಲಯವೇ ಆ ವರ್ಷದ ಆಟವನ್ನೂ ಕೈಬಿಟ್ಟಿತು. ಕಾಲೇಜು ಫುಟ್‌ಬಾಲಿನಲ್ಲಿ ಇದಕ್ಕೆ ಮರಣದಂಡನೆ ಎಂದೇ ಹೆಸರು. ತೀರ್ಪು ಬಂದದ್ದೇ ತಡ, ಬೇರೆ ಕಾಲೇಜುಗಳ ತರಬೇತುದಾರರು ಆಟಗಾರರನ್ನು ಆರಿಸಿಕೊಂಡು ಹೋಗಲು ಡಲ್ಲಸ್‌ಗೆ ಧಾವಿಸಿದರು. 1989ರಲ್ಲಿ ಆಟ ಮತ್ತೆ ಶುರುವಾದಾಗ ತಂಡದಲ್ಲಿದ್ದವರು ಹೆಚ್ಚಿನವರು ಹದಿನೆಂಟು ಹತ್ತೊಂಬತ್ತರ ಹೊಸ ಹುಡುಗರು. ಹ್ಯೂಸ್ಟನ್ ತಂಡ ಅವರನ್ನು 95-21ರಿಂದ ಬಡಿಯಿತು. ಆ ಹುಡುಗರಲ್ಲಿ ಹೆಚ್ಚಿನವರು ಹಣ ಹಂಚಿದ ಕಾಲದಲ್ಲಿ ಹೈಸ್ಕೂಲಿನಲ್ಲಿದ್ದರು. 95 ಅಂಕಗಳು ಬಿದ್ದದ್ದು ಅವರ ಮೈಮೇಲೆ. ಆ ವಿಶ್ವವಿದ್ಯಾಲಯ ಮತ್ತೆ ಒಂದು ಬೌಲ್ ಪಂದ್ಯ ಆಡಿದ್ದು 2009ರಲ್ಲಿ.

ಈ ಶಿಕ್ಷೆ ಹೆದರಿಸಿತು ಎಂಬುದನ್ನು ಒಪ್ಪುತ್ತೇನೆ. ಆದರೆ ಹೆದರಿದ್ದು ಎನ್‌ಸಿಎಎ ಕೂಡ. ಮೊದಲ ದರ್ಜೆಯ ಫುಟ್‌ಬಾಲಿನಲ್ಲಿ ಆ ಅಸ್ತ್ರವನ್ನು ಅದು ಮತ್ತೆ ಕೈಗೆತ್ತಿಕೊಂಡಿಲ್ಲ. ಹಣ ಕೊಡುವುದೂ ನಿಲ್ಲಲಿಲ್ಲ. ಮುಂದಿನ ಮೂರು ದಶಕಗಳ ಕಡತಗಳೇ ಅದಕ್ಕೆ ಸಾಕ್ಷಿ.

ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕರಣವನ್ನು ಈ ಸಾಲಿನಲ್ಲಿ ಇಡುವುದಕ್ಕೇ ನನಗೆ ಮನಸ್ಸು ಬರುವುದಿಲ್ಲ. ಅಲ್ಲಿ ನಡೆದದ್ದು ಆಟದ ನಿಯಮಗಳ ಉಲ್ಲಂಘನೆಯಲ್ಲ. ಸಹಾಯಕ ತರಬೇತುದಾರನಾಗಿದ್ದ ಜೆರ್ರಿ ಸ್ಯಾಂಡಸ್ಕಿ ವರ್ಷಗಟ್ಟಲೆ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ. 2012ರ ಜೂನ್‌ನಲ್ಲಿ 45 ಆರೋಪಗಳಲ್ಲಿ ಅಪರಾಧಿ ಎಂದು ತೀರ್ಮಾನವಾಯಿತು. 1998ರಲ್ಲೇ ದೂರು ಬಂದಿತ್ತು. ಗೊತ್ತಿದ್ದೂ ಬಾಯಿ ಬಿಡದವರಲ್ಲಿ ವಿಶ್ವವಿದ್ಯಾಲಯದ ಮೇಲಧಿಕಾರಿಗಳಿದ್ದರು. ಅವರಲ್ಲಿ ಮೂವರು 2017ರಲ್ಲಿ ನ್ಯಾಯಾಲಯದಲ್ಲಿ ತಪ್ಪಿತಸ್ಥರಾದರು. ಆ ಮಕ್ಕಳ ಮುಂದೆ ಬೌಲ್ ಪಂದ್ಯದ ಮಾತೆತ್ತುವುದಕ್ಕೆ ನಾಚಿಕೆಯಾಗಬೇಕು.

ಎನ್‌ಸಿಎಎ ಅಲ್ಲಿ ಎಡವಿದ್ದೂ ಅದೇ ಕಾರಣಕ್ಕೆ. 2012ರ ಜುಲೈ 23ರಂದು, ತಾನು ತನಿಖೆ ನಡೆಸದೆ, ತನ್ನದೇ ಸಮಿತಿಯ ಮುಂದೆ ವಿಚಾರಣೆಯಿಲ್ಲದೆ, ವಿಶ್ವವಿದ್ಯಾಲಯ ತರಿಸಿಕೊಂಡಿದ್ದ ವರದಿಯೊಂದನ್ನೇ ಆಧಾರ ಮಾಡಿಕೊಂಡು ಶಿಕ್ಷೆ ವಿಧಿಸಿತು. ನಾಲ್ಕು ವರ್ಷ ಬೌಲ್ ನಿಷೇಧ, ಸ್ಕಾಲರ್‌ಶಿಪ್ ಕಡಿತ, 1998ರಿಂದ 2011ರ ತನಕದ 112 ಗೆಲುವುಗಳು ರದ್ದು, 6 ಕೋಟಿ ಡಾಲರ್ ದಂಡ. ಪ್ರತಿವಾದಿಗೆ ಮಾತನಾಡಲು ಅವಕಾಶ ಕೊಡದ ತೀರ್ಪು, ತೀರ್ಪು ಸರಿಯೇ ಆಗಿದ್ದರೂ, ನಿಲ್ಲುವುದಿಲ್ಲ ಎಂದು ನಮಗೆ ಕಾನೂನಿನ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ನಿಲ್ಲಲಿಲ್ಲ. 2014ರಲ್ಲಿ ಬೌಲ್ ನಿಷೇಧ ಹೋಯಿತು, 2015ರ ಜನವರಿಯಲ್ಲಿ ಗೆಲುವುಗಳೂ ವಾಪಸಾದವು. ಉಳಿದದ್ದು ದಂಡದ ಹಣ. ಪೆನ್ಸಿಲ್ವೇನಿಯಾದವರು ಹಟ ಹಿಡಿದು ಅದನ್ನು ತಮ್ಮ ರಾಜ್ಯದೊಳಗೇ, ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಮತ್ತು ನೊಂದವರಿಗೆ ಚಿಕಿತ್ಸೆ ಕೊಡುವ ಕೆಲಸಕ್ಕೆ ಇರಿಸಿಕೊಂಡರು. ಆ ಶಿಕ್ಷೆಯಲ್ಲಿ ತಲುಪಬೇಕಾದಲ್ಲಿಗೆ ತಲುಪಿದ್ದು ಅದೊಂದೇ.

ಅಂದು ಎನ್‌ಸಿಎಎ ಇನ್ನೊಂದು ಒಳ್ಳೆಯ ಕೆಲಸವನ್ನೂ ಮಾಡಿತು. ಬೇಕಾದ ಆಟಗಾರ ಒಂದು ವರ್ಷ ಕಾಯದೆ ತಕ್ಷಣವೇ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ ಆಡಬಹುದು ಎಂದು ಬಾಗಿಲು ತೆರೆಯಿತು. ಕೆಲವರು ಹೋದರು. ಉಳಿದವರ ಗೌರವಕ್ಕೆಂದು ಆ ವರ್ಷ ಪೆನ್ ಸ್ಟೇಟ್ ಅಂಗಿಗಳ ಬೆನ್ನ ಮೇಲೆ ಮೊದಲ ಬಾರಿಗೆ ಆಟಗಾರರ ಹೆಸರು ಬಂತು, ಶಿರಸ್ತ್ರಾಣದ ಮೇಲೆ ನೊಂದ ಮಕ್ಕಳ ನೆನಪಿಗೆ ನೀಲಿ ರಿಬ್ಬನ್. ಅವರು 8 ಪಂದ್ಯ ಗೆದ್ದರು. ಆದರೂ ಒಂದು ಮಾತು. ಬಾಗಿಲು ತೆರೆದರೆ ನ್ಯಾಯ ಮುಗಿಯಿತು ಎಂದುಕೊಳ್ಳಬಾರದು. ಮೂರು ವರ್ಷ ಓದಿದ ವಿಷಯದ ಅಂಕಗಳನ್ನು ಹೊಸ ಕಾಲೇಜು ಪೂರ್ತಿ ಒಪ್ಪಿಕೊಳ್ಳದೆ ಹುಡುಗರು ಪದವಿಗೆ ಇನ್ನೊಂದು ವರ್ಷ ಹೆಣಗಿದ್ದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ.

ಹಾಗಾದರೆ ಶಿಕ್ಷೆ ಯಾರಿಗೆ? ತಪ್ಪು ಮಾಡಿದವನ ಬೆನ್ನು ಹತ್ತುವ ಶಿಕ್ಷೆ ನಮ್ಮಲ್ಲಿದೆ, ಅದನ್ನು ಷೋಕಾಸ್ ಎನ್ನುತ್ತೇವೆ. ಕರ್ನಾಟಕದ ಕಚೇರಿಗಳಲ್ಲಿ ಮೇಜಿನ ಮೇಲೆ ಬಂದು ಕೂರುವ ಷೋಕಾಸ್ ನೋಟಿಸಿಗಿಂತ ಇದು ಬೇರೆ. ಆ ತರಬೇತುದಾರನನ್ನು ಇಷ್ಟು ವರ್ಷದೊಳಗೆ ಕೆಲಸಕ್ಕೆ ತೆಗೆದುಕೊಳ್ಳುವ ಯಾವುದೇ ಕಾಲೇಜು ಎನ್‌ಸಿಎಎಗೆ ಕಾರಣ ಹೇಳಬೇಕು, ಅವನ ಮೇಲಿನ ನಿರ್ಬಂಧಗಳನ್ನೂ ಹೊರಬೇಕು. ಇದು ಸರಿಯಾದ ದಾರಿ. ಆದರೆ ವೃತ್ತಿಪರ ಲೀಗಿಗೆ ಇದು ಅನ್ವಯಿಸುವುದಿಲ್ಲ. ಆ ಕಿಂಡಿಯಿಂದ ದೊಡ್ಡವರು ದಾಟಿಹೋಗುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಇನ್ನೊಂದು ದಾರಿ ದಂಡ. 2022ರಲ್ಲಿ ಎನ್‌ಸಿಎಎ ತನ್ನ ಸಂವಿಧಾನವನ್ನು ತಿದ್ದಿ, ತಪ್ಪಿನಲ್ಲಿ ಪಾಲಿಲ್ಲದ ಆಟಗಾರರ ಮೇಲೆ ಶಿಕ್ಷೆ ಬೀಳದಂತೆ ಆದಷ್ಟೂ ನೋಡಿಕೊಳ್ಳಬೇಕು ಎಂದು ಬರೆದುಕೊಂಡಿತು. ಮರುವರ್ಷ ಟೆನೆಸ್ಸೀ ವಿಶ್ವವಿದ್ಯಾಲಯದ ತೀರ್ಪು ಬಂತು. 18 ಗಂಭೀರ ಉಲ್ಲಂಘನೆಗಳಿದ್ದರೂ ಬೌಲ್ ನಿಷೇಧವಿಲ್ಲ, 80 ಲಕ್ಷ ಡಾಲರಿಗೂ ಮೀರಿದ ದಂಡ. ಎರಡು ಋತು ಬೌಲ್ ಪಂದ್ಯ ತಪ್ಪಿದ್ದರೆ ಆಗುತ್ತಿದ್ದ ನಷ್ಟಕ್ಕೆ ಅದನ್ನು ಸಮ ಮಾಡಿದ್ದರು. 2025ರ ಆಗಸ್ಟ್‌ನಲ್ಲಿ ಎದುರಾಳಿಗಳ ಸಂಕೇತ ಕದ್ದ ಪ್ರಕರಣದಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೂ ದೊಡ್ಡ ದಂಡ ಬಿತ್ತು, ಹಿಂದಿನ ತರಬೇತುದಾರ ಜಿಮ್ ಹಾರ್ಬಾಗೆ ಹತ್ತು ವರ್ಷದ ಷೋಕಾಸ್. ಈಗಿನ ಹುಡುಗರು ಹೊಣೆಯಲ್ಲ ಎಂಬ ಕಾರಣಕ್ಕೆ ಅಲ್ಲಿಯೂ ಬೌಲ್ ನಿಷೇಧ ಹಾಕಲಿಲ್ಲ. 2023ರ ಋತುವಿನ ರಾಷ್ಟ್ರೀಯ ಪ್ರಶಸ್ತಿ ಅವರ ಬಳಿಯೇ ಉಳಿಯಿತು. ಮಿಷಿಗನ್ ಪಾರಾಯಿತು ಎಂದು ಅನೇಕರು ಸಿಟ್ಟಾದರು. ಹಾರ್ಬಾ ಆಗಲೇ ಲಾಸ್ ಏಂಜಲೀಸ್‌ನ ವೃತ್ತಿಪರ ತಂಡದಲ್ಲಿದ್ದರು, ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಈ ತೀರ್ಪನ್ನು ನಾನು ಮೆಚ್ಚುತ್ತೇನೆ.

ಮೆಚ್ಚುತ್ತಲೇ ಒಂದು ಭಯವನ್ನೂ ಹೇಳಬೇಕು. ಕ್ರೀಡಾ ವಿಭಾಗವೆಂದರೆ ಫುಟ್‌ಬಾಲ್ ಒಂದೇ ಅಲ್ಲ. ಫುಟ್‌ಬಾಲ್ ದುಡಿದು ತಂದದ್ದರಲ್ಲಿ ಈಜುಗಾರರು, ಕುಸ್ತಿಯವರು, ಹೆಣ್ಣುಮಕ್ಕಳ ತಂಡಗಳು ಬದುಕುತ್ತವೆ. ದಂಡವನ್ನು ಒಟ್ಟು ಬೊಕ್ಕಸದಿಂದ ಕಟ್ಟಿದರೆ ಬರೆ ಎಮ್ಮೆಯನ್ನು ಬಿಟ್ಟು ಕರುವಿಗೆ ಬೀಳುತ್ತದೆ. ಅದನ್ನು ಫುಟ್‌ಬಾಲಿನ ಬಜೆಟ್ಟಿನಿಂದ, ತರಬೇತುದಾರರ ಬೋನಸ್ಸಿನಿಂದ, ಒಪ್ಪಂದದಲ್ಲೇ ಬರೆದು ವಸೂಲು ಮಾಡಬೇಕು ಎಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ.

ನಮ್ಮ ಪ್ರಕರಣದಲ್ಲಿ ಸಮಿತಿಗೆ ಉತ್ತರ ಸಿದ್ಧಪಡಿಸುವಾಗ ನಾನು ಕೊನೆಯಲ್ಲಿ ಒಂದು ಪಟ್ಟಿ ಸೇರಿಸಿದ್ದೆ. ತಂಡದ ಪ್ರತಿಯೊಬ್ಬ ಆಟಗಾರನ ಹೆಸರು, ಎದುರಿಗೆ ಅವನು ಕಾಲೇಜಿಗೆ ಬಂದ ಇಸವಿ. ತಪ್ಪು ನಡೆದ ವರ್ಷ ಕ್ಯಾಂಪಸ್ಸಿನಲ್ಲಿದ್ದವನು ಒಬ್ಬನೇ, ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದಾಗಿ ಹೆಚ್ಚುವರಿ ವರ್ಷ ಪಡೆದ ಹುಡುಗ. ಆ ವರ್ಷ ಅವನು ಒಂದು ಪಂದ್ಯವನ್ನೂ ಆಡಿರಲಿಲ್ಲ. ಪಟ್ಟಿಯ ಬಗ್ಗೆ ಸಮಿತಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ತೀರ್ಪಿನಲ್ಲಿ ಅದರ ಪ್ರಸ್ತಾಪವೂ ಬರಲಿಲ್ಲ.

ಅಂದು ನನ್ನ ಕೋಣೆಯಲ್ಲಿ ಆ ಪಟ್ಟಿಯನ್ನು ತೆಗೆದು ನಾಲ್ಕನೆಯ ವರ್ಷದ ಹುಡುಗನಿಗೆ ತೋರಿಸಿದೆ. ಇಸವಿ ತಪ್ಪಾಗಿಲ್ಲ, ಅವರಿಗೆ ಗೊತ್ತಿದೆ ಎಂದೆ. ಅವನು ತನ್ನ ಹೆಸರಿನ ಮೇಲೆ ಬೆರಳಿಟ್ಟು ಎದುರಿನ ಇಸವಿಯ ತನಕ ನಿಧಾನವಾಗಿ ಎಳೆದ. ಆಮೇಲೆ ಇದರ ಒಂದು ಪ್ರತಿ ಸಿಗಬಹುದೇ, ಅಮ್ಮನಿಗೆ ಕಳುಹಿಸಬೇಕು ಎಂದ. ಡಿಸೆಂಬರಿನ ಬೌಲ್ ಪಂದ್ಯಕ್ಕೆಂದು ಆಕೆ ಆಗಲೇ ರಜೆ ಹಾಕಿದ್ದಳಂತೆ. ಬೇರೆಯವರ ಹೆಸರುಗಳನ್ನು ಮುಚ್ಚಿ, ಅವನದೊಂದು ಸಾಲು ಕಾಣುವಂತೆ ನಕಲು ತೆಗೆದು ಕೊಟ್ಟೆ.