ಬಟ್ಟೆ ಕಟಿಂಗ್ ಮಷಿನ್ನಲ್ಲಿ ಬ್ಲೇಡಿಗಿಂತ ಗಾಳಿ ಕೆಲಸಾನೇ ಜಾಸ್ತಿ

ಜಾರೋ ಬಟ್ಟೇನ ಮೇಜಿನ ಮೇಲೆ ಹರಡಿ ಕತ್ತರಿ ಹಾಕಿದವರಿಗೆ ಗೊತ್ತಿರತ್ತೆ, ಕತ್ತರಿ ಎಷ್ಟೇ ಹರಿತ ಇದ್ರೂ ಬಟ್ಟೆ ನಿಂತ ಕಡೆ ನಿಲ್ಲಲ್ಲ. ನಾನೊಂದ್ಸಲ ದಿಂಬಿನ ಕವರಿಗೆ ಅಂತ ಎರಡು ಪದರ ಒಟ್ಟಿಗೆ ಕತ್ತರಿಸಿದ್ದೆ, ಮೇಲಿನದು ಸರಿ ಬಂತು, ಕೆಳಗಿನದು ಎರಡು ಬೆರಳು ಗಿಡ್ಡ. ಫ್ಯಾಕ್ಟರಿಲಿ ಹೀಗೇ ಹತ್ತಾರು ಪದರ ಒಂದರ ಮೇಲೊಂದು ಹಾಸಿ ಒಂದೇ ಏಟಿಗೆ ಕತ್ತರಿಸ್ತಾರೆ, ಅಲ್ಲಿ ಒಂದು ಎಳೆಯಷ್ಟು ಜಾರಿದ್ರೂ ತೋಳು ಹೆಗಲಿಗೆ ಕೂರಲ್ಲ.

ಇದಕ್ಕೆ ದಾರಿ ಮಾಡ್ದೋರಲ್ಲಿ ಮುಖ್ಯವಾದ ಹೆಸರು ಜೋಸೆಫ್ ಗರ್ಬರ್. 1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸ್ಕೊಂಡು 1940ರಲ್ಲಿ ಅಮೆರಿಕಾ ಸೇರಿದೋರು. ಓದೋವಾಗ ಪೈಜಾಮದ ಇಲಾಸ್ಟಿಕ್ ಕಿತ್ತು, ಅದರ ಮೇಲೆ ಗುರುತು ಹಾಕಿ, ಹಿಗ್ಗೋ ಸ್ಕೇಲ್ ಮಾಡ್ಕೊಂಡಿದ್ದ ಪುಣ್ಯಾತ್ಮ! 1960ರ ದಶಕದ ಕೊನೆ ಹೊತ್ತಿಗೆ ಕಂಪ್ಯೂಟರ್ ಹೇಳಿದ ಹಾಗೆ ಬಟ್ಟೆ ಕತ್ತರಿಸೋ ಮಷಿನ್ ತಂದ್ರು, 1994ರಲ್ಲಿ ಅಮೆರಿಕಾದ ರಾಷ್ಟ್ರೀಯ ತಂತ್ರಜ್ಞಾನ ಪದಕಾನೂ ಬಂತು.

ಈ ಥರದ ಮಷಿನ್ನಿನ ಮೇಜು ಗಟ್ಟಿ ಹಲಗೆ ಅಲ್ಲ, ಬ್ರಷ್ ಥರ, ನೆಟ್ಟಗೆ ನಿಂತ ಪ್ಲಾಸ್ಟಿಕ್ ಬಿರುಗೂದಲು. ಬ್ಲೇಡ್ ತುದಿ ಬಟ್ಟೆ ದಾಟಿ ಅದರೊಳಗೆ ಇಳಿದ್ರೂ ಏನೂ ಆಗಲ್ಲ, ಕೂದಲ ಮಧ್ಯೆ ಗಾಳೀನೂ ಓಡಾಡತ್ತೆ. ಬಟ್ಟೆ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಕೆಳಗಿಂದ ಪಂಪಲ್ಲಿ ಗಾಳಿ ಎಳೀತಾರೆ, ಅಷ್ಟೇ, ಉಬ್ಬಿಕೊಂಡಿದ್ದ ರಾಶಿ ಹಲಗೆ ಥರ ಬಿಗಿಯಾಗಿ ಬಿಡತ್ತೆ. ಲೆಕ್ಕ ನೋಡಿ: ವಾತಾವರಣದ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ, ಕೆಳಗಡೆ ಅದರ ಹತ್ತನೇ ಒಂದು ಭಾಗ ಕಮ್ಮಿ ಮಾಡಿದ್ರೂ 1 ಚದರ ಮೀಟರ್ ಬಟ್ಟೆ ಮೇಲೆ ಹತ್ತಿರ ಹತ್ತಿರ 1 ಟನ್ ಭಾರ ಕೂತ ಹಾಗೆ. ಕ್ಲ್ಯಾಂಪ್ ಬೇಡ, ಪಿನ್ನೂ ಬೇಡ.

ಆದ್ರೂ ತಾಪತ್ರಯ ಮುಗಿಯಲ್ಲ. ಸೂಜಿ ಥರ ಮೇಲೆ ಕೆಳಗೆ ಕುಣಿಯೋ ಬ್ಲೇಡು ದಪ್ಪ ರಾಶಿಯಲ್ಲಿ ತಿರುವು ತಗೊಳೋವಾಗ ಕೆಳತುದಿ ಪಕ್ಕಕ್ಕೆ ಬಾಗತ್ತೆ, ನನ್ನ ದಿಂಬಿನ ಕವರಿನ ಕಥೇನೇ ಇಲ್ಲೂ. ಅದಕ್ಕೆ ಸೆನ್ಸರ್ ಇಟ್ಟು, ಬ್ಲೇಡನ್ನ ಬಟ್ಟೆ ಯಾವ ಕಡೆ ತಳ್ತಿದೆ ಅಂತ ನೋಡಿ, ಬ್ಲೇಡ್ ಮುಖಾನ ಆ ಕಡೆಗೆ ಎದುರಾಗಿ ಒಂಚೂರು ತಿರುಗಿಸ್ತಾರೆ. ಲೇಸರಿಗೆ ಈ ಗೋಳಿಲ್ಲ, ಪಾಲಿಯೆಸ್ಟರ್ ಆದ್ರೆ ಅಂಚು ಕರಗಿ ಎಳೆ ಬಿಡದ ಹಾಗೆ ಸೀಲೂ ಆಗತ್ತೆ, ಆದ್ರೆ ರಾಶಿಗೆ ಹಾಕಿದ್ರೆ ಪದರಗಳೇ ಒಂದಕ್ಕೊಂದು ಅಂಟ್ಕೊಳತ್ತೆ. ಇನ್ನು ಪಿವಿಸಿ ರೆಕ್ಸಿನ್ನಿಗೆ ಲೇಸರ್ ಹಾಕ್ಲೇಬಾರ್ದು, ಹೈಡ್ರೋಜನ್ ಕ್ಲೋರೈಡ್ ಗ್ಯಾಸ್ ಬರತ್ತೆ, ಮಷಿನ್ನಿಗೂ ಕೇಡು ಶ್ವಾಸಕೋಶಕ್ಕೂ ಕೇಡು.

ಶೂ ಚರ್ಮದ್ದು ಬೇರೆ ತಲೆನೋವು, ಅಲ್ಲಿ ಹಿಡಿಯೋದಕ್ಕಿಂತ ನೋಡೋದೇ ಕಷ್ಟ. ಬಟ್ಟೆ ಥಾನು ಎಲ್ಲಾ ಕಡೆ ಒಂದೇ ಥರ, ಚರ್ಮ ಹಾಗಲ್ಲ, ಬೆನ್ನಿನ ಭಾಗ ಗಟ್ಟಿ, ಹೊಟ್ಟೆ ಭಾಗ ಸಡಿಲ, ಕುತ್ತಿಗೇಲಿ ಸುಕ್ಕು, ಜೊತೆಗೆ ಉಣ್ಣೆ ಹುಳ ಕಚ್ಚಿದ ಕಲೆ, ಮುಳ್ಳುತಂತಿ ಗೀರು. ಶೂವಿನ ಮುಂಭಾಗ ಎದ್ದು ಕಾಣತ್ತೆ, ನಡೆಯೋವಾಗ ಮಡಿಚೋದೂ ಅಲ್ಲೇ, ಹಾಗಾಗಿ ಅದಕ್ಕೆ ಬೆನ್ನಿನ ಚರ್ಮಾನೇ ಬೇಕು, ಒಳಗೆ ಮರೆಯಾಗೋ ತುಂಡು ಹೊಟ್ಟೆ ಕಡೆಯಿಂದ ಬಂದ್ರೂ ನಡೆಯತ್ತೆ. ಮೊದಲು ಒಂದೊಂದು ಸೈಜಿನ ಒಂದೊಂದು ತುಂಡಿಗೂ ಬೇರೆ ಉಕ್ಕಿನ ಡೈ (ಕತ್ತರಿಸೋ ಅಚ್ಚು) ಮಾಡಿಸಿ ಪ್ರೆಸ್ಸಲ್ಲಿ ಒತ್ತುತಿದ್ರು, ಎಲ್ಲಿ ಒತ್ತಬೇಕು ಅನ್ನೋದು ಅನುಭವಸ್ಥನ ಕಣ್ಣಿಗೆ ಬಿಟ್ಟಿದ್ದು. ಈಗ ಕ್ಯಾಮೆರಾ ಚರ್ಮದ ಅಂಚು ಓದತ್ತೆ, ಆಪರೇಟರ್ ಕಲೆಗಳನ್ನ ಗುರುತು ಮಾಡ್ತಾರೆ, ಸಾಫ್ಟ್‌ವೇರ್ ಉಳಿದ ಜಾಗದಲ್ಲಿ ತುಂಡುಗಳನ್ನ ಜೋಡಿಸತ್ತೆ, ಪ್ರೊಜೆಕ್ಟರ್ ಅದನ್ನ ಚರ್ಮದ ಮೇಲೇ ಬೆಳಕಲ್ಲಿ ಬಿಡಿಸಿ ತೋರಿಸತ್ತೆ. ಈ ಜೋಡಣೆ ಎಷ್ಟು ಕಠಿಣ ಅಂದ್ರೆ ತುಂಡು ಜಾಸ್ತಿ ಆದ ಹಾಗೆ ಸಾಧ್ಯತೆಗಳು ಸಿಕ್ಕಾಪಟ್ಟೆ ಬೆಳೆದು, ಇದೇ ಅತ್ಯುತ್ತಮ ಅಂತ ಎಷ್ಟೋ ಸಲ ಕಂಪ್ಯೂಟರಿಗೂ ಹೇಳಕ್ಕಾಗಲ್ಲ, ಕೊಟ್ಟ ಟೈಮಲ್ಲಿ ಸಿಕ್ಕ ಒಳ್ಳೇದನ್ನ ಕೊಡತ್ತೆ.

ಕಟಿಂಗ್ ಮುಗಿದು ಪಂಪ್ ಆಫ್ ಮಾಡಿದ್ ತಕ್ಷಣ ಹಲಗೆಯಂಗಿದ್ದ ರಾಶಿ ಉಸಿರು ಬಿಟ್ಟಂಗೆ ಮತ್ತೆ ಉಬ್ಬತ್ತೆ. ಆಗ ಆ ಮೆತ್ತಗಿನ ತುಂಡುಗಳನ್ನ ಎತ್ತಿ ಕಟ್ಟು ಕಟ್ಟೋದು ಬಹಳಷ್ಟು ಕಡೆ ಇವತ್ತಿಗೂ ಮನುಷ್ಯರ ಕೈನೇ.