ದೋಣಿಗೆ ಹೊಸ ಚಾರ್ಜರ್: ಮೊದಲು ವೋಲ್ಟ್ ನೋಡಿ

ಮೋಟಾರು ದೋಣಿಯ ಹಳೆಯ ಚಾರ್ಜರ್ ಕೈಕೊಟ್ಟಾಗ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಆಂಪ್ಸ್ ಬೇಕು?’ ಎಂದು. ಆಂಪ್ಸ್ ಜಾಸ್ತಿಯಾದರೆ ಬ್ಯಾಟರಿ ಕುದ್ದುಹೋದೀತು ಎಂಬ ಅಳುಕೂ ಜೊತೆಗಿರುತ್ತದೆ. ಅಳುಕಬೇಕಾದದ್ದು ವೋಲ್ಟಿಗೆ. ವೋಲ್ಟೇಜ್ ಸರಿಯಿದ್ದರೆ ಬ್ಯಾಟರಿ ತಾನು ತಾಳಿಕೊಳ್ಳುವಷ್ಟೇ ಕರೆಂಟ್ ಎಳೆದುಕೊಳ್ಳುತ್ತದೆ. ವೋಲ್ಟೇಜ್ ತಪ್ಪಿದರೆ ಎರಡು ಆಂಪ್ಸಿನ ಪುಟ್ಟ ಚಾರ್ಜರ್ ಕೂಡ ವಾರಗಟ್ಟಲೆ ಕೂತು ಬ್ಯಾಟರಿಯ ನೀರನ್ನು ಒಣಗಿಸಿಬಿಡುತ್ತದೆ.

ಒಳಗೆ ನಡೆಯುವುದಿಷ್ಟು. ಸೀಸ-ಆಮ್ಲದ ಬ್ಯಾಟರಿ ಬಳಸಿದಂತೆಲ್ಲ ಅದರ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡುವುದೆಂದರೆ ಅದನ್ನು ಮತ್ತೆ ಸೀಸ, ಸೀಸದ ಡೈಆಕ್ಸೈಡ್ ಮತ್ತು ಆಮ್ಲವಾಗಿಸುವುದು. ಬಿರುಬಿಸಿಲಿಗೆ ಬಾಯಿಬಿಟ್ಟ ಗದ್ದೆಗೆ ನೀರು ಹಾಯಿಸಿದ ಹಾಗೆ, ಮೊದಲು ಕೊಟ್ಟಷ್ಟೂ ಒಳಕ್ಕೆ ಹೋಗುತ್ತದೆ, ಆಮೇಲೆ ಮಣ್ಣು ಹೀರಿದಷ್ಟೇ. ಸುಮಾರು ಶೇ 80 ತುಂಬಿದ ಮೇಲೆ ಉಳಿದ ಸಲ್ಫೇಟ್ ಪ್ಲೇಟಿನ ಸೂಕ್ಷ್ಮ ರಂಧ್ರಗಳ ಆಳದಲ್ಲಿರುತ್ತದೆ. ಅಲ್ಲಿಂದ ಆಮ್ಲ ಹೊರಗೆ ಹರಡಲು ಹೊತ್ತು ಹಿಡಿಯುತ್ತದೆ. ಅವಸರಪಟ್ಟು ವೋಲ್ಟ್ ಏರಿಸಿದರೆ, 12 ವೋಲ್ಟಿನ ಬ್ಯಾಟರಿಯ ಆರು ಸೆಲ್ಲುಗಳಿಗೆ ತಲಾ 2.4ರಂತೆ 14.4 ವೋಲ್ಟಿನ ಆಸುಪಾಸಿನಿಂದ ಕರೆಂಟು ನೀರನ್ನೇ ಒಡೆದು ಜಲಜನಕ, ಆಮ್ಲಜನಕ ಮಾಡತೊಡಗುತ್ತದೆ. ಗಾಳಿಯಲ್ಲಿ ಜಲಜನಕ ಶೇ 4 ಸೇರಿದರೆ ಒಂದು ಕಿಡಿ ಸಾಕು.

1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಈ ಬ್ಯಾಟರಿ ಮಾಡಿದಾಗ, ಅದನ್ನು ಚಾರ್ಜ್ ಮಾಡಲು ಅವನ ಬಳಿ ಇದ್ದದ್ದು ಬೇರೆ ಬ್ಯಾಟರಿಗಳು ಮಾತ್ರ! ಬಹುಕಾಲದ ನಂತರ, 1938ರಲ್ಲಿ, ಜೋಸೆಫ್ ಸೋಲಾ ಸ್ಥಿರ ವೋಲ್ಟೇಜಿನ ಟ್ರಾನ್ಸ್‌ಫಾರ್ಮರ್ ರೂಪಿಸಿದರು. ಹಳೆಯ ದೋಣಿಗಳಲ್ಲಿ ಗುಂಯ್‌ಗುಡುವ ಭಾರದ ಡಬ್ಬಿಗಳಲ್ಲಿ ಹಲವು ಅದೇ ಮನೆತನದವು. ಒಂದು ಟ್ರಾನ್ಸ್‌ಫಾರ್ಮರ್, ಒಂದು ಕೆಪಾಸಿಟರ್, ಅಷ್ಟೇ, ಹಾಳಾಗುವಂಥದ್ದು ಕಡಿಮೆ. ಆದರೆ ಎದುರಿಗಿರುವುದು ಯಾವ ಬಗೆಯ ಬ್ಯಾಟರಿ, ಎಷ್ಟು ಬಿಸಿಯಾಗಿದೆ, ತುಂಬಿತೋ ಇಲ್ಲವೋ, ಅದಕ್ಕೆ ಒಂದೂ ತಿಳಿಯದು. ನಿಮ್ಮದನ್ನು ಪರೀಕ್ಷಿಸುವುದು ಸುಲಭ: ಬೇರೇನೂ ಓಡಿಸದೆ ಒಂದಿಡೀ ದಿನ ಚಾರ್ಜಿಗೆ ಬಿಟ್ಟು ಬ್ಯಾಟರಿ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿಯಿರಿ. ಆಗಲೂ 14ರ ಮೇಲಿದ್ದರೆ, ಪದೇಪದೇ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗಿ ಬರುತ್ತಿರುವುದು ಯಾಕೆಂದು ಗೊತ್ತಾಯಿತು.

ಹೊಸದರಲ್ಲಿ ಬ್ಯಾಟರಿಯ ಬಗೆ ಆರಿಸುವ ಸೌಲಭ್ಯ ಇರಲೇಬೇಕು. ತುಂಬುವಷ್ಟು ಹೊತ್ತು ಮಾತ್ರ, ನೀರು ಹಾಕುವ ಬ್ಯಾಟರಿಗೂ ಎಜಿಎಂಗೂ (ಆಮ್ಲವನ್ನು ಗಾಜಿನ ಎಳೆಯ ಹಾಸು ಹೀರಿಕೊಂಡಿರುವ ಮುಚ್ಚಿದ ಬ್ಯಾಟರಿ) 14.4ರಿಂದ 14.7, ಆಮ್ಲ ಲೋಳೆಯಂತಿರುವ ಜೆಲ್‌ಗೆ 14.1 ಅಥವಾ 14.2, ತುಂಬಿದ ಮೇಲೆ ಹಾಗೇ ಕಾಯ್ದುಕೊಳ್ಳಲು 13.5ರ ಆಸುಪಾಸಿನ ಫ್ಲೋಟ್. ಬ್ಯಾಟರಿ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಸೆಲ್ಲುಗಳನ್ನೆಲ್ಲ ಸಮಕ್ಕೆ ತರಲು ಬೇಕೆಂದೇ ಹೆಚ್ಚು ಚಾರ್ಜ್ ಮಾಡುವ, 15.5 ದಾಟುವ ಈಕ್ವಲೈಸ್ ನೀರು ಹಾಕುವ ಬ್ಯಾಟರಿಗೆ ಮಾತ್ರ. ಆಕಸ್ಮಿಕವಾಗಿ ಜೆಲ್ ಮೇಲೆ ಒತ್ತಿಬಿಟ್ಟರೆ ಅದರ ಕತೆ ಮುಗಿದಂತೆ. ಲಿಥಿಯಂ ಐರನ್ ಫಾಸ್ಫೇಟ್ ಇದ್ದರೆ ಅದಕ್ಕೆಂದೇ ಇರುವ ಸೆಟ್ಟಿಂಗ್ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು.

ತಾಪಮಾನದ ಸೆನ್ಸರ್ ದುಂದುವೆಚ್ಚ ಅಂದುಕೊಳ್ಳಬೇಡಿ. 25 ಡಿಗ್ರಿಯಿಂದ ಮೇಲೆ ಪ್ರತಿ ಡಿಗ್ರಿಗೆ ಸುಮಾರು 24 ಮಿಲಿವೋಲ್ಟ್ ಇಳಿಸಬೇಕು. ಎಂಜಿನ್ ಪಕ್ಕದಲ್ಲಿ 40 ಡಿಗ್ರಿ ಕಾದ ಸೀಸದ ಬ್ಯಾಟರಿಗೆ 14.4 ಎಂದರೆ ಹೆಚ್ಚೇ ಆಯಿತು, 14 ಸಾಕು.

ಇನ್ನು ಆಂಪ್ಸ್. ಬ್ಯಾಟರಿ ಸಾಮರ್ಥ್ಯದ ಶೇ 10ರಿಂದ 20, ಜೊತೆಗೆ ಚಾರ್ಜಾಗುವಾಗಲೇ ಓಡುವ ಫ್ರಿಜ್, ಪಂಪುಗಳ ಪಾಲು. 200 ಆಂಪ್‌ಅವರ್ ಇದ್ದು ಅರ್ಧ ಖಾಲಿಯಾಗಿದ್ದರೆ, 40 ಆಂಪ್ಸಿನ ಚಾರ್ಜರಿನಲ್ಲಿ ಫ್ರಿಜ್ 5 ತಿಂದರೂ, ಎರಡು ಗಂಟೆಯೊಳಗೆ ಶೇ 80 ಮುಟ್ಟುತ್ತದೆ. ಕೊನೆಯ ಶೇ 20ಕ್ಕೆ ನಾಲ್ಕಾರು ಗಂಟೆ. ಅಲ್ಲಿ 80 ಆಂಪ್ಸಿನದು ತಂದರೂ ಉಪಯೋಗವಿಲ್ಲ. ಉಳಿತಾಯವಾಗುವುದು ಆರಂಭದ ಒಂದು ಗಂಟೆ ಅಷ್ಟೇ. ಮೂರು ಔಟ್‌ಪುಟ್ ಇರುವ 30 ಆಂಪ್ಸಿನ ಚಾರ್ಜರ್ ಒಂದೊಂದಕ್ಕೂ 30 ಕೊಡುವುದಿಲ್ಲ, ಸಾಮಾನ್ಯವಾಗಿ ಎಲ್ಲಕ್ಕೂ ಸೇರಿ 30. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೂ ಒಳಬಳಕೆಯದಕ್ಕೂ ಬೇರೆಬೇರೆ ಔಟ್‌ಪುಟ್ ಇರಲಿ. ಅವುಗಳನ್ನು ಬ್ಯಾಟರಿಯ ಮೇನ್ ಸ್ವಿಚ್ಚಿನ ಆಚೆಗಲ್ಲ, ಫ್ಯೂಸ್ ಮೂಲಕ ನೇರ ಬ್ಯಾಟರಿಗೇ ಜೋಡಿಸಿ. ಇಲ್ಲದಿದ್ದರೆ ಸ್ವಿಚ್ ಆರಿಸಿ ಮನೆಗೆ ಹೋದ ದಿನದಿಂದ ಚಾರ್ಜೇ ಆಗದು.

(ಆಗಾಗ ಪೂರ್ತಿ ಇಳಿಸಿ ‘ಮೆಮೊರಿ’ ಸರಿಪಡಿಸಬೇಕು ಎಂಬ ಮಾತು ಬಂದದ್ದು ನಿಕಲ್ ಕ್ಯಾಡ್ಮಿಯಂ ಕಾಲದಿಂದ. ಸೀಸದ ಬ್ಯಾಟರಿಯನ್ನು ಹಾಗೆ ಇಳಿಸಿದರೆ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಸಿಮೆಂಟು ನೆಲದ ಮೇಲಿಟ್ಟರೆ ಇಳಿಯುತ್ತದೆ ಎಂಬುದೂ ಪ್ಲಾಸ್ಟಿಕ್ ಡಬ್ಬಿ ಬರುವುದಕ್ಕೆ ಮುಂಚಿನ ನಂಬಿಕೆ.)

ಕಾರಿನ ಚಾರ್ಜರ್ ಅಗ್ಗವೆಂದು ತಂದು ಕೂರಿಸಬೇಡಿ. ಪೆಟ್ರೋಲ್ ಎಂಜಿನ್ ಇರುವ ಜಾಗದಲ್ಲಿ ಕಿಡಿ ಹೊರಬಾರದಂತೆ ಮಾಡಿದ ಸಾಧನವೇ ಬೇಕು. ದಡದಿಂದ ಬರುವ ಮೇನ್ಸ್ ವಿದ್ಯುತ್ತಿನ ಕಡೆಗೂ ಬ್ಯಾಟರಿಯ ಡಿಸಿ ಕಡೆಗೂ ಚಾರ್ಜರಿನ ಒಳಗೆ ನೇರ ಸಂಪರ್ಕ ಇರಕೂಡದು. ದಡದ ವಿದ್ಯುತ್ ದಾರಿತಪ್ಪಿ ನೀರಿಗಿಳಿದರೆ ಪ್ರೊಪೆಲರ್ ಸವೆಯುತ್ತದೆ, ಈಜುವವರ ಜೀವಕ್ಕೂ ಅಪಾಯ. ಬಹಳ ಮಂದಿ ಮರೆಯುವುದು ಚಾರ್ಜರಿನ ಕವಚದ ಅರ್ತಿಂಗ್. ಒಳಗೆ ಡಿಸಿ ಪಾಸಿಟಿವ್ ಕವಚಕ್ಕೆ ತಗುಲಿದರೆ ಬ್ಯಾಟರಿಯ ನೂರಾರು ಆಂಪ್ಸ್ ಮೇನ್ಸಿನ ತೆಳು ಹಸಿರು ಅರ್ತ್ ವಯರಿನಲ್ಲೇ ಹರಿದು ಅದು ಸುಟ್ಟುಹೋಗುತ್ತದೆ. ಹಾಗಾಗಿ ಕವಚದಿಂದ ಡಿಸಿ ನೆಗೆಟಿವ್‌ಗೆ, ಪಾಸಿಟಿವ್ ವಯರಿಗಿಂತ ಒಂದೇ ಅಳತೆ ಚಿಕ್ಕದಾದ, ಪ್ರತ್ಯೇಕ ವಯರ್ ಎಳೆಯಬೇಕು. ಫ್ಯೂಸ್ ಬ್ಯಾಟರಿಯಿಂದ 18 ಸೆಂಟಿಮೀಟರ್ ಒಳಗಿರಲಿ. ಬ್ಯಾಟರಿಯ ನೇರ ಮೇಲೆ ಚಾರ್ಜರ್ ಬೇಡ, ಆಮ್ಲದ ಆವಿ ಅದನ್ನು ತಿನ್ನುತ್ತದೆ.

ವಯರಿನಲ್ಲಿ ಜಿಪುಣತನ ಮಾಡಿದರೆ ಇಷ್ಟೆಲ್ಲ ವ್ಯರ್ಥ. 3 ಮೀಟರ್ ದೂರಕ್ಕೆ, ಹೋಗಿಬರುವುದು ಸೇರಿ 6 ಮೀಟರ್, 4 ಚದರ ಮಿಲಿಮೀಟರ್ ತಾಮ್ರದಲ್ಲಿ 20 ಆಂಪ್ಸ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಖರ್ಚು. 14.4 ತೋರಿಸುವ ಚಾರ್ಜರಿನಿಂದ ಬ್ಯಾಟರಿಗೆ ಮುಟ್ಟುವುದು 13.9. 16ರ ವಯರಿನಲ್ಲಿ ನಷ್ಟ 0.13ಕ್ಕೆ ಇಳಿಯುತ್ತದೆ. ಜೋಡಣೆ ಮುಗಿಸಿ ಪೂರ್ತಿ ಕರೆಂಟ್ ಹರಿಯುವಾಗ ಎರಡೂ ತುದಿಯಲ್ಲಿ ಮೀಟರ್ ಹಿಡಿದು ನೋಡಿ. ಲೆಕ್ಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ವಯರಿನ ತುದಿಗೆ ಒತ್ತಿ ಕೂರಿಸಿದ (ಕ್ರಿಂಪ್ ಮಾಡಿದ) ಲಗ್‌ಗಳನ್ನು ಮುಟ್ಟಿ, ಬಿಸಿಯಾಗಿರುವುದನ್ನು ಕತ್ತರಿಸಿ ಹೊಸದು ಹಾಕಿ.